ತಳ್ಳುವುದೋ, ಎಳೆಯುವುದೋ

ಬೇರೆ ಪೈಲಟ್‌ಗಳು ಮುಂದಿನ ಗಾಜಿನ ಅಂಚಿನಲ್ಲಿ ಐಸ್ ಕಂಡರೆ ಆ ಮೋಡದಿಂದ ಹೊರಗೆ ಹೋಗುವ ದಾರಿ ಹುಡುಕುತ್ತಾರೆ. ನಾವು ಆ ಐಸನ್ನೇ ಹುಡುಕಿಕೊಂಡು ಹೋಗುತ್ತಿದ್ದೆವು. ಸಿಕ್ಕಿದ ದಿನ ಲಾಟರಿ ಹೊಡೆದವರ ಹಾಗೆ ಹಿಗ್ಗುತ್ತಿದ್ದೆವು. ನಮ್ಮ ಕೆಲಸವೇ ಅಂಥದ್ದು, ಮೋಡ ಬಿತ್ತನೆ.

ಎತ್ತರದ ಮೋಡದಲ್ಲಿ ಸೊನ್ನೆ ಡಿಗ್ರಿಗಿಂತ ಕೆಳಗೆ ಹೋದರೂ ಹೆಪ್ಪುಗಟ್ಟದೆ ನೀರಾಗಿಯೇ ಉಳಿದ ಹನಿಗಳಿರುತ್ತವೆ. ಅವು ಇರುವ ಮೋಡ ನಮಗೆ ಬೇಕು. ರೆಕ್ಕೆಯ ಹಿಂದೆ ಕಟ್ಟಿದ ರಾಸಾಯನಿಕದ ಕೊಳವೆಗಳನ್ನು ಅಲ್ಲಿ ಉರಿಸಿದರೆ, ಆ ಹೊಗೆಯ ಕಣಗಳಿಗೆ ಹನಿ ಅಂಟಿ, ಬೆಳೆದು, ಮಳೆಯಾಗಿ ಬೀಳುತ್ತದೆ ಎಂಬುದು ಲೆಕ್ಕಾಚಾರ. ಆ ಕೊಳವೆಗಳನ್ನು ನಾವು ಬತ್ತಿ ಎನ್ನುತ್ತಿದ್ದೆವು. ಹನಿ ಇದೆಯೋ ಇಲ್ಲವೋ ಎಂದು ತಿಳಿಯಲು ಉಪಕರಣಗಳಿದ್ದವು. ಆದರೆ ಎಲ್ಲಕ್ಕಿಂತ ನಂಬಿಕೆಯ ಗುರುತು ವಿಮಾನದ ಮೈಯೇ. ಅಂಥ ಹನಿ ಏನಕ್ಕೆ ತಾಗಿದರೂ ತಕ್ಷಣ ಐಸ್ ಆಗುತ್ತದೆ. ಹಾಗಾಗಿ ಐಸ್ ಹಿಡಿಯಿತೆಂದರೆ ಮೋಡ ಒಳ್ಳೆಯದು. ಎಲ್ಲರಿಗೂ ಅಪಾಯದ ಗಂಟೆಯಾಗಿದ್ದದ್ದು ನಮಗೆ ಊಟದ ಗಂಟೆ.

ಆ ವರ್ಷ ಮುಂಗಾರು ಕೈಕೊಟ್ಟಿತ್ತು. ತುಂಗೆ, ಭದ್ರೆಯ ಕಡೆಯ ಮೋಡಗಳಿಗೆ ಬಿತ್ತನೆ ಮಾಡಲು ಒಂದು ಸಂಸ್ಥೆ ಗುತ್ತಿಗೆ ಹಿಡಿದಿತ್ತು. ಎರಡು ಎಂಜಿನ್ನಿನ ಒಂದು ಸಣ್ಣ ವಿಮಾನ, ಅದನ್ನು ದಿನ ಬಿಟ್ಟು ದಿನ ಹಾರಿಸಲು ಎರಡು ತಂಡ. ನಮ್ಮ ತಂಡದಲ್ಲಿ ಮೂವರು. ಮೈಸೂರು ಕಡೆಯ ಕ್ಯಾಪ್ಟನ್ನರು, ತಲೆ ಪೂರ್ತಿ ನರೆತವರು. ಪಕ್ಕದ ಸೀಟಿನಲ್ಲಿ ಎರಡನೇ ಪೈಲಟ್ ಆಗಿ ನಾನು. ಹಿಂದೆ ಬತ್ತಿ ಉರಿಸುವ ಸ್ವಿಚ್ಚುಗಳ ಮುಂದೆ ನರಸಿಂಹರಾಜಪುರದ ಒಬ್ಬರು. ಮೊದಲು ರೇಡಿಯೋ ರಿಪೇರಿ ಮಾಡುತ್ತಿದ್ದವರು, ಈಗ ಮೂರು ಮಕ್ಕಳ ತಂದೆ. ನನಗಿಂತ ದೊಡ್ಡವರಾದರೂ ನನ್ನನ್ನು ಅಕ್ಕ ಎನ್ನುತ್ತಿದ್ದರು. ನೆಲದ ಮೇಲೆ, ಕೊಪ್ಪದ ಹತ್ತಿರದ ಗುಡ್ಡದಲ್ಲಿ, ರೇಡಾರ್ ಹೊತ್ತ ಒಂದು ವ್ಯಾನು. ಅದರೊಳಗೆ ಯಾವ ಮೋಡ ಎಲ್ಲಿ ಬೆಳೆಯುತ್ತಿದೆ ಎಂದು ನೋಡಿ ನಮಗೆ ಹೇಳುವ ರೇಡಾರ್ ಅಧಿಕಾರಿ. ಅವರು ಅಡ್ಡಗದ್ದೆಯವರು. ಬೇರೆಯವರೊಂದಿಗೆ ಇಂಗ್ಲಿಷಿನಲ್ಲಿ ಮಾತಾಡಿದರೂ, ನಾನು ಹಿರೇಕೊಡಿಗೆಯವಳು ಎಂದು ಗೊತ್ತಾದ ಮೇಲೆ ನಮ್ಮ ರೇಡಿಯೋ ಫ್ರೀಕ್ವೆನ್ಸಿಯಲ್ಲಿ ಮಲೆನಾಡಿನ ಮಾರಾಯ್ತಿಯೇ ಶುರುವಾಗಿತ್ತು.

ಊರಿನಲ್ಲಿ ನನ್ನನ್ನು ಏನೆಂದು ತಿಳಿದಿದ್ದರೋ ದೇವರಿಗೇ ಗೊತ್ತು. ಆ ದಿನ ಬೆಳಿಗ್ಗೆ ಶಿವಮೊಗ್ಗದಲ್ಲಿ ವಿಮಾನದ ಸುತ್ತ ನಡೆದು ತಪಾಸಣೆ ಮಾಡುತ್ತಿದ್ದಾಗ ನನ್ನ ಸೋದರಮಾವ ಫೋನ್ ಮಾಡಿದರು.

“ಏನೇ, ಇವತ್ತೂ ಮೋಡಕ್ಕೆ ಹೋಗ್ತೀಯನೇ? ನಿನ್ನೆ ತಾನೆ ಅಡಿಕೆಗೆ ಔಷಧಿ ಹೊಡ್ಸಿದೀನಿ ಮಾರಾಯ್ತಿ. ಇನ್ನೂ ಒಣಗಿಲ್ಲ. ಎರಡು ದಿನ ಬಿಟ್ಟು ಮಳೆ ತಾ.”

“ಮಾವ, ಮಳೆ ನನ್ನ ಕಿಸೇಲಿ ಇರೋದಿಲ್ಲ.”

“ಹಂಗಾದ್ರೆ ಎಂತಕ್ಕೆ ಹೋಗೋದು?”

ಹಿಂದಿನ ಸೀಟಿನವರು ಕೇಳಿಸಿಕೊಂಡು ನಕ್ಕರು. “ನಮ್ಮ ಕಡೆ ಭತ್ತದ ಸಸಿ ಬಲೀತಾ ಇದೆ ಅಕ್ಕ, ನಟ್ಟಿಗೆ ನೀರಿಲ್ಲ. ನಿಮ್ಮ ಮಾವನ ಮಾತು ಕೇಳ್ಬೇಡಿ,” ಎಂದರು. ಒಂದೇ ಮೋಡ, ಒಬ್ಬರಿಗೆ ಬೇಡ, ಇನ್ನೊಬ್ಬರಿಗೆ ಬೇಕು. ಅವತ್ತಿನ ಗೊಂದಲ ನೆಲದ ಮೇಲೆಯೇ ಆರಂಭವಾಗಿತ್ತು ಎನ್ನಬಹುದು.

ಮುಂದಿನದು ಅರ್ಥವಾಗಬೇಕಾದರೆ ನಮ್ಮ ಕ್ಯಾಪ್ಟನ್ನರ ಎರಡು ಪದ್ಧತಿಗಳನ್ನು ಹೇಳಬೇಕು.

ರೆಕ್ಕೆಯ ಮುಂದಿನ ಅಂಚಿಗೂ ಬಾಲದ ಮುಂದಿನ ಅಂಚಿಗೂ ಕಪ್ಪು ರಬ್ಬರಿನ ಪಟ್ಟಿ ಅಂಟಿಸಿರುತ್ತಾರೆ. ಬೂಟು ಎಂದು ಹೆಸರು. ಸ್ವಿಚ್ ಒತ್ತಿದರೆ ಒಳಗೆ ಗಾಳಿ ನುಗ್ಗಿ ಅದು ಉಬ್ಬುತ್ತದೆ, ಮೇಲೆ ಕೂತ ಐಸ್ ಒಡೆದು ಹಾರಿಹೋಗುತ್ತದೆ. ಐಸ್ ಕಂಡ ಕೂಡಲೇ ಬೂಟು ಒತ್ತು ಎಂದು ನಾನು ಕಲಿತ ಪುಸ್ತಕ ಹೇಳುತ್ತದೆ. ಕ್ಯಾಪ್ಟನ್ನರು ಕಲಿತ ಕಾಲದಲ್ಲಿ ಹೇಳಿಕೊಟ್ಟದ್ದೇ ಬೇರೆ. ತೆಳುವಾಗಿದ್ದಾಗ ಒತ್ತಿದರೆ ಐಸ್ ಒಡೆಯದೆ ರಬ್ಬರಿನ ಜೊತೆಗೇ ಉಬ್ಬಿ ನಿಲ್ಲುತ್ತದೆ, ಆದ್ದರಿಂದ ಬೆರಳಿನಷ್ಟು ದಪ್ಪ ಆಗುವವರೆಗೆ ಕಾಯಬೇಕು. ಇದರ ಬಗ್ಗೆ ನಾನೊಮ್ಮೆ ಕೇಳಿದ್ದಕ್ಕೆ, “ನೋಡಮ್ಮ, ಹೊಸ ಪುಸ್ತಕ ಬರೆದೋರು ನಮ್ಮ ಮೋಡ ನೋಡಿಲ್ಲ,” ಎಂದು ಮಾತು ಮುಗಿಸಿದ್ದರು. ಬಿತ್ತನೆಗೂ ಅದು ಅನುಕೂಲವೇ ಆಗಿತ್ತು. ಎಷ್ಟು ಹೊತ್ತಿನಲ್ಲಿ ಎಷ್ಟು ದಪ್ಪ ಬಂತು ಎಂದು ನೋಡಿ ಮೋಡದ ಯೋಗ್ಯತೆ ಅಳೆಯಬಹುದಿತ್ತು.

ಎರಡನೆಯದು ಫ್ಲ್ಯಾಪ್. ರೆಕ್ಕೆಯ ಹಿಂಭಾಗದಿಂದ ಕೆಳಗಿಳಿಯುವ ಹಲಗೆ ಅದು, ಸಾಮಾನ್ಯವಾಗಿ ಇಳಿಯುವ ಮುನ್ನ ಬಳಸುತ್ತೇವೆ. ಚಿಕ್ಕ ಮೋಡದಲ್ಲಿ ವೇಗವಾಗಿ ಹೋದರೆ ಬತ್ತಿ ಹೊತ್ತಿಕೊಳ್ಳುವಷ್ಟರಲ್ಲಿ ಮೋಡವೇ ಮುಗಿದಿರುತ್ತದೆ. ಅದಕ್ಕೆ ನಿಧಾನ ಹೋಗಬೇಕು. ನಿಧಾನವಾದರೆ ವಿಮಾನದ ಮೂಗು ಮೇಲೇಳುತ್ತದೆ. ಫ್ಲ್ಯಾಪ್ ಒಂದು ಹಂತ ಇಳಿಸಿದರೆ ಮೂಗು ಸಮವಾಗಿ ನಿಲ್ಲುತ್ತದೆ. ಚಿಕ್ಕ ಮೋಡವಾದರೆ ಹೀಗೆ ಮಾಡುವುದು ನಮ್ಮಲ್ಲಿ ರೂಢಿಯಾಗಿತ್ತು, ಇನ್ನೊಂದು ತಂಡದವರೂ ಹಾಗೇ ಮಾಡುತ್ತಿದ್ದರು.

ಮೊದಲು ನರಸಿಂಹರಾಜಪುರದ ಮೇಲಿನ ಮೋಡಕ್ಕೆ ಹೋದೆವು. ಭದ್ರೆಯ ಹಿನ್ನೀರು ಒಂದು ಕಡೆ ಹೊಳೆಯುತ್ತಿತ್ತು, ಒಣಗಿದ ದಂಡೆ ಕೆಂಪಗೆ ಅಗಲವಾಗಿ ಕಾಣುತ್ತಿತ್ತು. ಮೋಡದೊಳಗೆ ಒಣ ಹಿಮದ ಪುಡಿ ಬಿಟ್ಟರೆ ಏನೂ ಇರಲಿಲ್ಲ, ಗಾಜು ಸ್ವಚ್ಛವಾಗಿಯೇ ಉಳಿಯಿತು. ಬತ್ತಿ ಉರಿಸಲಿಲ್ಲ. ಹಿಂದಿನ ಸೀಟಿನವರ ಮುಖ ಸಣ್ಣದಾಯಿತು. ಕೊಪ್ಪದ ಮೇಲಿನದೂ ಅಷ್ಟೇ. ಆಗ ರೇಡಾರ್ ಅಧಿಕಾರಿ ಕರೆದರು.

“ಶೃಂಗೇರಿ ಮೇಲೆ ಒಂದು ಎದ್ದಿದೆ ನೋಡಿ. ಭಾರೀ ಚೆನ್ನಾಗಿದೆ. ಹೊಳೆ ಮೇಲಿಂದ ಸೀದಾ ಹೋಗಿ.”

ಸುಮಾರು ಇಪ್ಪತ್ತು ಸಾವಿರ ಅಡಿಯಲ್ಲಿ ಆ ಮೋಡವನ್ನು ಹೊಕ್ಕೆವು. ಹೊಕ್ಕು ಸ್ವಲ್ಪ ಹೊತ್ತಿಗೆಲ್ಲ ವೈಪರಿನ ಕಡ್ಡಿಯ ಮೇಲೆ ಬಿಳಿಯ ಗೆರೆ ಕೂತಿತು. ನೋಡುತ್ತಿದ್ದಂತೆ ದಪ್ಪವಾಯಿತು. ಕ್ಯಾಪ್ಟನ್ನರು “ಬಂತು!” ಎಂದರು. ನಾನೂ ಹಿಗ್ಗಿದೆ, ಸುಳ್ಳು ಯಾಕೆ ಹೇಳಲಿ. ಹಿಂದಿನ ಸೀಟಿನವರು ಬತ್ತಿ ಹೊತ್ತಿಸಿದರು. ಮೋಡ ಅಗಲವಾಗಿತ್ತು, ಫ್ಲ್ಯಾಪ್ ಬೇಕಾಗಲಿಲ್ಲ. ರೇಡಾರ್ ಅಧಿಕಾರಿಗೆ ಗೆರೆ ಎಳೆದಂಥ ನೇರ ದಾರಿ ಬೇಕಿದ್ದರಿಂದ ವಿಮಾನವನ್ನು ಆಟೋಪೈಲಟ್ ಹಿಡಿದುಕೊಂಡಿತ್ತು, ಅಂದರೆ ಯಂತ್ರವೇ ಹಾರಿಸುತ್ತಿತ್ತು. ಐಸ್ ಬೆರಳಿನಷ್ಟು ಆದಾಗ ಕ್ಯಾಪ್ಟನ್ನರು ಬೂಟು ಒತ್ತಿಸಿದರು. ರೆಕ್ಕೆಯಿಂದ ಹಲಗೆಗಳಂತೆ ಐಸ್ ಎದ್ದು ಹೋಯಿತು. ಪ್ರೊಪೆಲ್ಲರಿನಿಂದ ಕಿತ್ತ ಚೂರುಗಳು ಮೈಗೆ ಬಡಿದು ಧಡ್ ಧಡ್ ಸದ್ದಾಯಿತು. ಅದು ಮಾಮೂಲು. ರೆಕ್ಕೆ ನನ್ನ ಕಿಟಕಿಯಿಂದ ಕಾಣುತ್ತದೆ, ಕಪ್ಪಗೆ ಸ್ವಚ್ಛವಾಗಿತ್ತು. ಬಾಲ ಕಾಣುವುದಿಲ್ಲ. ನಮ್ಮ ವಿಮಾನದ ಬಾಲ ಹಿಂದೆ ಎತ್ತರದಲ್ಲಿದೆ, ಯಾವ ಸೀಟಿನಿಂದ ಕತ್ತು ಎಷ್ಟು ತಿರುಚಿದರೂ ಕಾಣುವುದಿಲ್ಲ.

ತಿರುಗಿ ಅದೇ ಮೋಡದಲ್ಲಿ ಎರಡನೇ ಸಲ ಹೋದಾಗ ನಮ್ಮಿಬ್ಬರ ನಡುವಿನ ಟ್ರಿಮ್ ಚಕ್ರ ತಾನಾಗಿ ತಿರುಗುವುದು ಕಂಡಿತು. ಮೂಗು ಕೆಳಗೆ ಬಾಗುತ್ತಿದ್ದರೆ ಆಟೋಪೈಲಟ್ ಆ ಚಕ್ರವನ್ನು ತಿರುಗಿಸಿ ಸರಿದೂಗಿಸುತ್ತದೆ. ಒಂದಿಷ್ಟು ತಿರುಗುವುದು ಸಹಜ. ಇದು ನಿಂತು, ಮತ್ತೆ ತಿರುಗಿ, ಮತ್ತೆ ನಿಂತು, ಒಂದೇ ಕಡೆಗೆ ಹೋಗುತ್ತಿತ್ತು. ಮೂಗು ಎತ್ತುವ ಕಡೆಗೆ.

“ಸರ್, ಟ್ರಿಮ್ ಓಡ್ತಾ ಇದೆ.”

ಕ್ಯಾಪ್ಟನ್ನರು ನೋಡಿದರು. “ಗಾಳಿ ಕೆಳಗೆ ಒತ್ತುತಿದೆ. ಎತ್ತರ ಹಿಡಿಯೋಕೆ ಎತ್ತುತಿದೆ, ಅಷ್ಟೇ.”

ನಾನು ರೇಡಾರ್ ಅಧಿಕಾರಿಯನ್ನು ಕೇಳಿದೆ. “ನಾವಿರೋ ಕಡೆ ಗಾಳಿ ಇಳೀತಾ ಇದೆಯಾ?”

“ಇಲ್ಲ ಮಾರಾಯ್ತಿ. ಮೋಡ ಇನ್ನೂ ಮೇಲೆ ಏರ್ತಾ ಇದೆ. ಎಂತಕ್ಕೆ?”

ಎಂತಕ್ಕೆ ಎಂದು ನನಗೂ ಗೊತ್ತಿರಲಿಲ್ಲ. ಹಿಂದಿನವರು ಸೀಟು ಬಿಟ್ಟು ಮುಂದೆ ಬಂದರೆ ಭಾರ ಮುಂದಕ್ಕೆ ಬಂದು ಹೀಗಾಗಬಹುದು ಎಂದು ತಿರುಗಿ ನೋಡಿದೆ. ಅವರು ಬೆಲ್ಟ್ ಬಿಗಿದುಕೊಂಡು, ಸ್ವಿಚ್ಚುಗಳ ಮೇಲೆ ಕಣ್ಣಿಟ್ಟು, ಶಾಲೆಯ ಮೊದಲ ಬೆಂಚಿನ ಹುಡುಗನಂತೆ ಕೂತಿದ್ದರು. “ಎದ್ದಿದ್ರಾ?” ಎಂದೆ. “ನಾನ್ಯಾಕೆ ಏಳ್ಲಿ ಅಕ್ಕ?” ಎಂದರು. ಇಂಧನ ಎರಡೂ ಕಡೆ ಸಮ. ಎಂಜಿನ್ ಎರಡೂ ಸರಿ. ವೇಗ ಸರಿ. ಎಲ್ಲ ಸರಿ ಇದ್ದೂ ಆ ಚಕ್ರ ತಿರುಗುತ್ತಿತ್ತು. ನನಗೆ ತಿಳಿಯದ್ದು ಕಂಡರೆ ಸಿಟ್ಟು ಬರುತ್ತದೆ, ಹುಟ್ಟುಗುಣ. ಆಟೋಪೈಲಟ್ ಬಿಟ್ಟು ಕೈಯಲ್ಲಿ ಹಿಡಿದು ನೋಡೋಣ, ವಿಮಾನ ಏನು ಹೇಳುತ್ತದೋ ಕೇಳೋಣ ಎಂದೆ. “ಇನ್ನೊಂದು ಸುತ್ತು ಮುಗೀಲಿ,” ಎಂದರು ಕ್ಯಾಪ್ಟನ್ನರು.

ಮೂರನೇ ಸುತ್ತಿಗೆ ಮೋಡ ಹರಿದು ಹಂಚಿಹೋಗಿ, ನಡುವಿನ ಒಂದು ಗೋಪುರ ಮಾತ್ರ ಗಟ್ಟಿಯಾಗಿ ಉಳಿದಿತ್ತು. ಚಿಕ್ಕದು. ಹೊಗುವ ಮುನ್ನ ಕ್ಯಾಪ್ಟನ್ನರು ವೇಗ ಇಳಿಸಿದರು. ಮತ್ತೆ ಐಸ್ ಹಿಡಿಯುತ್ತಿತ್ತು. ಈ ಸಲ ಬಿಳಿಯದಲ್ಲ, ಗಾಜಿನಂತೆ ಪಾರದರ್ಶಕ. “ಫ್ಲ್ಯಾಪ್ ಒಂದು ಹಂತ,” ಎಂದರು. ಫ್ಲ್ಯಾಪಿನ ಹಿಡಿಕೆ ನನ್ನ ಕಡೆಯ ಕೆಲಸ. ಇಳಿಸಿದೆ.

ಫ್ಲ್ಯಾಪ್ ಇಳಿಯುವ ಸದ್ದು ಮುಗಿಯುವಷ್ಟರಲ್ಲಿ ಮೂಗು ಒಮ್ಮೆ ತೂಗಿತು. ಮತ್ತೊಮ್ಮೆ ತೂಗಿತು. ಆಟೋಪೈಲಟ್ ಬಿಟ್ಟುಹೋದ ಗಂಟೆ ಹೊಡೆಯಿತು. ಕಾರಿನ ಸ್ಟಿಯರಿಂಗಿನಂತೆ ನಮ್ಮಿಬ್ಬರ ಮುಂದೆಯೂ ಇರುವ ಹಿಡಿಕೆಗೆ ಯೋಕ್ ಎನ್ನುತ್ತೇವೆ. ಅದು ಕ್ಯಾಪ್ಟನ್ನರ ಕೈಯಿಂದ ಯಾರೋ ಕಿತ್ತುಕೊಂಡಂತೆ ಮುಂದಕ್ಕೆ ಹೋಯಿತು. ವಿಮಾನ ಮೂಗು ಕೆಳಗಾಗಿ ಧುಮುಕಿತು.

ನನ್ನ ಮೈ ಬೆಲ್ಟಿನ ವಿರುದ್ಧ ಮೇಲೆದ್ದಿತು. ಪೆನ್ನು, ನಕ್ಷೆ, ನೆಲದ ಧೂಳು ಎಲ್ಲ ಸೂರಿಗೆ ಹೋದವು. ಕಿಟಕಿಯ ಹೊರಗೆ ಬೂದು ಬಣ್ಣ ಬಿಟ್ಟರೆ ಏನೂ ಇಲ್ಲ. ಹಿಂದಿನಿಂದ “ಶಾರದಮ್ಮಾ!” ಎಂದು ಶೃಂಗೇರಿಯ ದೇವಿಗೆ ಒಂದೇ ಕೂಗು.

“ಸ್ಟಾಲ್!” ಎಂದು ಕೂಗಿದ ಕ್ಯಾಪ್ಟನ್ನರು ಯೋಕನ್ನು ಇನ್ನೂ ಮುಂದಕ್ಕೆ ತಳ್ಳಿ ಎಂಜಿನ್ನಿಗೆ ಪೂರ್ತಿ ಶಕ್ತಿ ಕೊಟ್ಟರು.

ರೆಕ್ಕೆ ಎತ್ತುವ ಶಕ್ತಿ ಕಳೆದುಕೊಳ್ಳುವುದಕ್ಕೆ ಸ್ಟಾಲ್ ಎನ್ನುತ್ತಾರೆ. ಮೂಗು ಬಿದ್ದರೆ ತಳ್ಳು, ವೇಗ ಕೊಡು. ಮೊದಲ ತಿಂಗಳಿನಿಂದ ಪ್ರತಿ ಪೈಲಟ್ಟಿಗೂ ಅರೆದು ಕುಡಿಸಿದ ಪಾಠ ಅದು. ನಾನೂ ಅವರ ಜೊತೆ ತಳ್ಳಿದೆ. ತಳ್ಳಿದಷ್ಟೂ ಮೂಗು ಇನ್ನೂ ಕೆಳಗೆ ಹೋಯಿತು. ಎಲ್ಲೋ ಏನೋ ತಪ್ಪಿದೆ ಎನ್ನಿಸಿತು, ಆದರೆ ಎಲ್ಲಿ? ಸ್ಟಾಲ್ ಆಗುವ ಮುನ್ನ ಎಚ್ಚರಿಕೆಯ ಹಾರ್ನ್ ಕೂಗಬೇಕು, ಅದು ಕೂಗಿರಲಿಲ್ಲ. ಸ್ಟಾಲ್ ಎಂದರೆ ವೇಗ ಬಿದ್ದಿರಬೇಕು. ಇಲ್ಲಿ ವೇಗದ ಮುಳ್ಳು ಏರುತ್ತಿತ್ತು. ವೇಗ ತೋರಿಸುವ ನಳಿಕೆಗೇ ಐಸ್ ಹಿಡಿದು ಸುಳ್ಳು ಹೇಳುತ್ತಿದೆಯೇ? ಕ್ಯಾಪ್ಟನ್ನರ ಕಡೆಯ ಮುಳ್ಳು ನೋಡಿದೆ. ಅದೂ ಏರುತ್ತಿತ್ತು. ಎರಡೂ ಸುಳ್ಳೇ? ಎರಡೂ ನಿಜವಾದರೆ ನಾವು ತಳ್ಳುತ್ತಿರುವುದೇಕೆ?

ಬಾಲವೂ ಸ್ಟಾಲ್ ಆಗಬಹುದು ಎಂದು ಎಲ್ಲೋ ಓದಿದ್ದೆ. ಬೇಲಿಯ ಕಂಬಕ್ಕಿಂತ ಮೊದಲು ತಂತಿಯ ಮೇಲೆ ಹನಿ ಕೂರುವಂತೆ, ದಪ್ಪ ರೆಕ್ಕೆಗಿಂತ ತೆಳ್ಳನೆಯ ಬಾಲಕ್ಕೆ ಐಸ್ ಬೇಗ ಕಟ್ಟುತ್ತದೆ. ಬಾಲ ಹಿಂದಿನಿಂದ ಕೆಳಗೆ ಒತ್ತಿ ಮೂಗನ್ನು ಎತ್ತಿ ಹಿಡಿಯುವ ಭಾಗ. ಫ್ಲ್ಯಾಪ್ ಇಳಿಸಿದಾಗ ಅದರ ಹೊರೆ ಇನ್ನೂ ಹೆಚ್ಚುತ್ತದೆ. ಅದು ಸೋತರೂ ಮೂಗು ಬೀಳುತ್ತದೆ. ನೋಡುವುದಕ್ಕೆ ಎರಡೂ ಕಾಯಿಲೆ ಒಂದೇ ಥರ, ಔಷಧಿ ಮಾತ್ರ ತದ್ವಿರುದ್ಧ. ರೆಕ್ಕೆ ಸೋತರೆ ತಳ್ಳಬೇಕು, ಬಾಲ ಸೋತರೆ ಎಳೆಯಬೇಕು. ತಪ್ಪು ಔಷಧಿ ಕೊಟ್ಟರೆ ರೋಗಿ ಉಳಿಯುವುದಿಲ್ಲ. ಇದೆಲ್ಲ ಇಷ್ಟು ಅಂದವಾಗಿ ಆಗ ಹೊಳೆಯಿತು ಎಂದು ಯಾರೂ ತಿಳಿಯಬಾರದು. ಈಗ ಕೂತು ಬರೆಯುವಾಗ ಸಾಲಾಗಿ ಬರುತ್ತಿದೆ. ಆಗ ತಲೆಯಲ್ಲಿ ಇದ್ದದ್ದು ಬರೀ ಗದ್ದಲ.

“ಎಂತ ಆತು?” ಎಂದು ರೇಡಾರ್ ಅಧಿಕಾರಿಯ ದನಿ. “ನಿಮ್ಮ ಎತ್ತರ ಇಳೀತಾ ಇದೆ. ಎಂತ ಆತು ಮಾರಾಯ್ತಿ? ಯಾರಾದ್ರೂ ಮಾತಾಡಿ!”

ಕೆಳಗೆ ಘಟ್ಟದ ಶಿಖರಗಳು ಎಲ್ಲೆಲ್ಲಿವೆ ಎಂಬುದು ನನಗೆ ನಕ್ಷೆಯಿಲ್ಲದೆಯೂ ಗೊತ್ತು, ಹುಟ್ಟಿ ಬೆಳೆದ ಸೀಮೆ. ಅವು ನನಗೆ ಇಷ್ಟು ಹತ್ತಿರ ಎಂದು ಯಾವತ್ತೂ ಅನ್ನಿಸಿರಲಿಲ್ಲ.

ವೇಗದ ಮುಳ್ಳು ಒಂದು ಬಿಳಿ ಗುರುತನ್ನು ದಾಟಲು ಹೊರಟಿತ್ತು. ಫ್ಲ್ಯಾಪ್ ಇಳಿದಿರುವಾಗ ಆ ಗುರುತು ದಾಟಬಾರದು, ದಾಟಿದರೆ ಫ್ಲ್ಯಾಪ್ ಮುರಿಯುತ್ತದೆ. ಆ ಕ್ಷಣದಲ್ಲಿ ನನಗೆ ಅನುಮಾನವಿಲ್ಲದೆ ಗೊತ್ತಿದ್ದ ಸಂಗತಿ ಇದೊಂದೇ. ಕ್ಯಾಪ್ಟನ್ನರು ಹೇಳದೆ ಫ್ಲ್ಯಾಪಿನ ಹಿಡಿಕೆ ಮುಟ್ಟಬಾರದು ಎಂಬುದೂ ಗೊತ್ತಿತ್ತು, ನಿಯಮವೆಂದರೆ ನಿಯಮ. ಆದರೂ ಕೈ ಹೋಯಿತು. ಫ್ಲ್ಯಾಪ್ ಎತ್ತಿದೆ.

“ಯಾರು ಹೇಳಿದ್ದು ನಿಮಗೆ!” ಎಂದು ಕ್ಯಾಪ್ಟನ್ನರು ಗದರಿದರು.

ಫ್ಲ್ಯಾಪ್ ಮೇಲೇರಲು ಕೆಲವು ಕ್ಷಣ ಬೇಕು. ಆ ಕ್ಷಣಗಳು ಮುಗಿಯುವುದೇ ಇಲ್ಲ ಎನ್ನಿಸಿತು. ಆಮೇಲೆ ನನ್ನ ಅಂಗೈಯಲ್ಲಿದ್ದ ಯೋಕ್ ಬದಲಾಯಿತು. ಅದುವರೆಗೆ ಮುಂದಕ್ಕೆ ಎಳೆದುಕೊಂಡು ಹೋಗುತ್ತಿದ್ದದ್ದು ಸ್ವಲ್ಪ ಸಡಿಲವಾಯಿತು. ಯಾಕೆಂದು ಯೋಚಿಸಲಿಲ್ಲ. “ಎಳೀರಿ ಸರ್!” ಎಂದು ಚೀರಿ ಎಳೆದೆ. ಅವರು ತಳ್ಳುತ್ತಲೇ ಇದ್ದರು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬ ಗಾದೆಯನ್ನು ಅಷ್ಟು ಎತ್ತರದಲ್ಲಿ ಯಾರೂ ಮಾಡಿ ತೋರಿಸಿರಲಾರರು. ನನ್ನ ತೋಳಿನ ಬಲ ಅವರ ಬಲಕ್ಕೆ ಸಾಲದು. “ಸರ್, ವೇಗ ನೋಡಿ! ವೇಗ ಏರ್ತಾ ಇದೆ! ಎಳೀರಿ!” ಅವರು ಮುಳ್ಳನ್ನು ನೋಡಿದರು. ಅವರ ಮುಖದಲ್ಲಿ ಆಗ ಕಂಡದ್ದು ಭಯವಲ್ಲ, ತಬ್ಬಿಬ್ಬು. ದಿನಾ ಹೋಗುವ ದಾರಿಯಲ್ಲಿ ಸ್ವಂತ ಮನೆಯೇ ಸಿಗದವರ ಮುಖ. ಕೈ ನಿಂತಿತು. ಎಂಜಿನ್ನಿನ ಶಕ್ತಿ ತಗ್ಗಿಸಿ, ಅವರೂ ಎಳೆದರು.

ಮೂಗು ಮೇಲೆ ಬಂತು. ಈಗ ಮೈ ಸೀಟಿಗೆ ಒತ್ತಿತು, ಕೆನ್ನೆ ಜೋತುಬಿತ್ತು, ಸೂರಿನಲ್ಲಿದ್ದದ್ದೆಲ್ಲ ತಲೆಯ ಮೇಲೆ ಬಿತ್ತು. ಸಮವಾಗಿ ನಿಂತಾಗ ಹದಿನಾಲ್ಕು ಸಾವಿರದ ಹತ್ತಿರ ಇದ್ದೆವು. ಹೊರಗೆ ಮಳೆ. ಬೆಚ್ಚಗಿನ ಗಾಳಿ, ನಿಜವಾದ ನೀರಿನ ಮಳೆ. ಐಸ್ ದೊಡ್ಡ ತುಂಡುಗಳಾಗಿ ಕಳಚಿ ಹೋಗತೊಡಗಿತು. ಹಿಂದೆ ಎಲ್ಲೋ, ನಮಗೆ ಕಾಣದ ಕಡೆಯಿಂದ, ಒಂದು ಭಾರೀ ಏಟಿನ ಸದ್ದು ಬಂತು. ಅದು ಬಾಲದಿಂದ ಕಳಚಿದ್ದೋ, ಬೇರೆ ಕಡೆಯಿಂದಲೋ, ಹೇಳಲಾರೆ.

“ನಾವಿದೀವಿ,” ಎಂದೆ ರೇಡಾರ್ ಅಧಿಕಾರಿಗೆ.

“ಇದೀರಾ? ದೇವ್ರೇ. ಎಂತ ಆತು?”

“ಗೊತ್ತಿಲ್ಲ.”

ಕ್ಯಾಪ್ಟನ್ನರು ಮೋಡದಿಂದ ಹೊರಬಂದು ಯೋಕನ್ನು ಮೆಲ್ಲಗೆ ಹಿಂದೆ ಮುಂದೆ, ಎಡಕ್ಕೆ ಬಲಕ್ಕೆ ಆಡಿಸಿ ನೋಡಿದರು. ಎಲ್ಲ ಸರಿಯಿತ್ತು. ಟ್ರಿಮ್ ಚಕ್ರ ಬೆಳಗಿನ ಜಾಗಕ್ಕೇ ವಾಪಸು ಬಂದಿತ್ತು. ಅದು ಸಮಾಧಾನ ಕೊಡುವ ಬದಲು ಇನ್ನೂ ಗೊಂದಲ ಮಾಡಿತು. ಕೆಟ್ಟದ್ದು ಯಾವುದೂ ಇಲ್ಲದ ಮೇಲೆ ಕೆಟ್ಟದ್ದೇನು?

“ಗಾಳಿಯೇ,” ಎಂದರು ಕೊನೆಗೆ. “ಇಳಿಗಾಳಿಗೆ ಸಿಕ್ಕೆವು.”

“ಇಳಿಗಾಳಿ ಯೋಕನ್ನು ಕಿತ್ತುಕೊಳ್ಳತ್ತಾ ಸರ್?”

ಶಿವಮೊಗ್ಗ ಹತ್ತಿರ ಬಂದಾಗ ನಾನು ಇಳಿಯುವ ಮುನ್ನಿನ ಪಟ್ಟಿ ಓದುತ್ತ ಫ್ಲ್ಯಾಪ್ ಎನ್ನುವಷ್ಟರಲ್ಲಿ ಅವರು “ಬೇಡ” ಎಂದರು. ಫ್ಲ್ಯಾಪ್ ಇಲ್ಲದೆ ಇಳಿಯಬೇಕಾದರೆ ಹೆಚ್ಚು ವೇಗ, ಹೆಚ್ಚು ಉದ್ದದ ರನ್‌ವೇ, ಬ್ರೇಕಿಗೆ ಹೆಚ್ಚು ಕೆಲಸ. ಅಲ್ಲಿ ಉದ್ದಕ್ಕೆ ಕೊರತೆಯಿರಲಿಲ್ಲ. ಇಳಿಗಾಳಿಯೇ ಕಾರಣವಾಗಿದ್ದರೆ ಫ್ಲ್ಯಾಪಿಗೆ ಹೆದರುವುದೇಕೆ ಎಂದುಕೊಂಡು ಪಟ್ಟಿಯನ್ನು ಮುಂದೆ ಓದಿದೆ. ನೆಲ ಮುಟ್ಟಿದ ಮೇಲೂ ಬಹಳ ದೂರ ಓಡಿ ನಿಂತೆವು. ಬ್ರೇಕು ಸುಟ್ಟ ವಾಸನೆ ಒಳಗೆಲ್ಲ ತುಂಬಿತು.

ಬಾಗಿಲು ತೆಗೆದವಳೇ ಬಾಲದ ಕಡೆ ಓಡಿದೆ. ಮೆಕ್ಯಾನಿಕ್ ಏಣಿ ತಂದ. ಬಾಲದ ಅಂಚು ಒದ್ದೆಯಾಗಿ ಹೊಳೆಯುತ್ತಿತ್ತು. ಒಂದು ಹರಳು ಐಸ್ ಇಲ್ಲ. ಇದ್ದ ಸಾಕ್ಷಿ ದಾರಿಯಲ್ಲೇ ನೀರಾಗಿ ಹರಿದುಹೋಗಿತ್ತು. ಎಂಜಿನ್ ಓಡಿಸಿ ಬೂಟು ಒತ್ತಿಸಿದರೆ ಎರಡೂ ಕಡೆಯವು ಒಂದೇ ಸಮ ಉಬ್ಬಿದವು, ಒಂದೇ ಸಮ ಇಳಿದವು. ಮತ್ತೆ ಒತ್ತಿಸಿದೆ. ಮತ್ತೆ ಸರಿ. ಮೇಲೆ ಆ ಚಳಿಯಲ್ಲಿ ಗಾಳಿಯ ಕೊಳವೆಯೊಳಗೆ ತೇವ ಹೆಪ್ಪುಗಟ್ಟಿ ಬಾಲದ ಬೂಟು ಉಬ್ಬದೆ ಇದ್ದಿರಬಹುದೇ ಎಂದು ಕೇಳಿದೆ. “ಇರಬಹುದು ಮೇಡಂ, ಇಲ್ಲದೇನೂ ಇರಬಹುದು,” ಎಂದ. ಹಿಂದಿನ ಸೀಟಿನವರನ್ನು ಕೇಳಿದರೆ, “ನನ್ನ ಸಾಕ್ಷಿ ಬೇಡ ಅಕ್ಕ, ನಾನು ಕಣ್ಣು ಮುಚ್ಚಿದ್ದೆ,” ಎಂದು ಕೈಮುಗಿದರು. ಅವರ ಅಂಗಿ ಬೆವರಿನಿಂದ ಬೆನ್ನಿಗೆ ಅಂಟಿತ್ತು.

ಕಚೇರಿಯ ಕೋಣೆಯಲ್ಲಿ ಕೂತು ಚಹಾ ಕುಡಿಯುತ್ತಿದ್ದಾಗ ಮೊದಲು ರೇಡಾರ್ ಅಧಿಕಾರಿಯ ಫೋನ್ ಬಂತು. ಶೃಂಗೇರಿಯಲ್ಲಿ ಜೋರು ಮಳೆ, ಬಸ್ ಸ್ಟ್ಯಾಂಡಿನಲ್ಲಿ ಜನ ಅಂಗಡಿ ಸೇರಿದ್ದಾರೆ, ಅಡ್ಡಗದ್ದೆಯಲ್ಲೂ ಶುರುವಾಗಿದೆ. “ನಿಮ್ದೇ ಮಳೆ ಮಾರಾಯ್ತಿ!” ಎಂದರು. ನಮ್ಮದೋ, ಮೋಡ ತಾನೇ ಸುರಿಸಿದ್ದೋ, ಅದನ್ನು ಹೇಳಬಲ್ಲವರು ಯಾರು? ಅವತ್ತು ಯಾವ ಪ್ರಶ್ನೆಗೂ ನೆಟ್ಟಗಿನ ಉತ್ತರ ಸಿಗುವ ಹಾಗೆ ಕಾಣಲಿಲ್ಲ.

ಆಮೇಲೆ ಯೋಜನೆಯ ಮುಖ್ಯಸ್ಥರು ಕ್ಯಾಪ್ಟನ್ನರಿಗೆ ಫೋನ್ ಮಾಡಿದರು. ಮಳೆಯ ಸುದ್ದಿಯೂ, ಮೆಕ್ಯಾನಿಕ್ ಮೂಲಕ ಇಳಿಗಾಳಿಯ ಸುದ್ದಿಯೂ ಆಗಲೇ ಅವರಿಗೆ ತಲುಪಿದ್ದವು. ಸ್ಪೀಕರಿನಲ್ಲಿ ಅವರ ಖುಷಿ ಕೋಣೆಗೆಲ್ಲ ಕೇಳುತ್ತಿತ್ತು. ಇಂಥ ಮೋಡ ಇನ್ನೆರಡು ದಿನ ಇರುತ್ತದೆ, ನಾಳೆ ಬೆಳಿಗ್ಗೆ ಇನ್ನೊಂದು ತಂಡ ಬೇಗ ಹೊರಡಲಿ, ಮೆಕ್ಯಾನಿಕ್ ದೋಷವೇನೂ ಇಲ್ಲ ಎನ್ನುತ್ತಿದ್ದಾನೆ.

“ಇಳಿಗಾಳಿ ಅಲ್ವೇ ಕ್ಯಾಪ್ಟನ್? ಮೋಡದಲ್ಲಿ ಇದ್ದದ್ದೇ. ನೀವು ಹೂಂ ಅಂದ್ರೆ ಸಾಕು.”

ಹೂಂ ಎಂದರೆ ನಾಳೆ ಬೆಳಿಗ್ಗೆ ಬೇರೆ ಮೂವರು ಇದೇ ವಿಮಾನದಲ್ಲಿ, ಇದೇ ಮೋಡಕ್ಕೆ, ಇದೇ ರೂಢಿಯಲ್ಲಿ ಫ್ಲ್ಯಾಪ್ ಇಳಿಸಿಕೊಂಡು ಹೋಗುತ್ತಾರೆ. ಉಹೂಂ ಎಂದರೆ ವಿಮಾನ ಬೇರೆ ಊರಿನ ದೊಡ್ಡ ಕಾರ್ಯಾಗಾರಕ್ಕೆ ಹೋಗಬೇಕು, ಅಷ್ಟರಲ್ಲಿ ಮೋಡದ ಕಾಲ ಮುಗಿಯುತ್ತದೆ. ನಮ್ಮ ಗುತ್ತಿಗೆಯೂ ಮುಗಿಯುತ್ತದೆ. ಕ್ಯಾಪ್ಟನ್ನರ ವಯಸ್ಸಿಗೆ ಇನ್ನೊಂದು ಕಡೆ ಕೆಲಸ ಸುಲಭವಲ್ಲ. ದಾರಿಯಲ್ಲಿ ಇಳಿಗಾಳಿ ಎಂದದ್ದು ಅವರೇ. ಅದನ್ನೇ ಇನ್ನೊಮ್ಮೆ ಹೇಳಿದರೆ ಮುಗಿಯಿತು.

“ಒಂದು ನಿಮಿಷ,” ಎಂದು ಅವರು ಫೋನಿನ ದನಿ ಮುಚ್ಚಿ ನನ್ನ ಕಡೆ ತಿರುಗಿದರು. ಯಾವಾಗಲೂ 'ನೋಡಮ್ಮ' ಎನ್ನುತ್ತಿದ್ದ ದನಿಯಲ್ಲ ಅದು.

“ಎಳೀಬೇಕು ಅಂತ ನಿಮಗೆ ಹೇಗೆ ಗೊತ್ತಾಯ್ತು?”

ಬಾಲದ ವಿಷಯ ಹೇಳಬಹುದಿತ್ತು, ಓದಿದ್ದನ್ನೆಲ್ಲ ಜೋಡಿಸಿ ಜಾಣೆ ಅನ್ನಿಸಿಕೊಳ್ಳಬಹುದಿತ್ತು. ಅದು ನಿಜವಲ್ಲ.

“ಗೊತ್ತಿರ್ಲಿಲ್ಲ ಸರ್. ಆ ವೇಗದಲ್ಲಿ ಫ್ಲ್ಯಾಪ್ ಇರಬಾರದು ಅಂತ ಮಾತ್ರ ಗೊತ್ತಿತ್ತು. ಆಮೇಲೆ ಕೈಗೆ ಹಾಗೆ ಅನ್ನಿಸ್ತು, ಎಳೆದೆ. ಈಗ್ಲೂ ಏನಾಯ್ತು ಅಂತ ಗೊತ್ತಿಲ್ಲ.”

ಅವರು ತಮ್ಮ ಎರಡೂ ಅಂಗೈಗಳನ್ನು ನೋಡಿಕೊಂಡರು.

“ನನಗೆ ಗೊತ್ತಿತ್ತಮ್ಮ,” ಎಂದರು. “ಎಳ್ಳಷ್ಟೂ ಅನುಮಾನ ಇರಲಿಲ್ಲ. ಅದಕ್ಕೇ ಅಷ್ಟು ಜೋರಾಗಿ ತಳ್ಳುತಿದ್ದೆ.”

ಫೋನಿನ ದನಿ ಮತ್ತೆ ಬಿಟ್ಟರು.

“ಸರ್, ಮೇಲೆ ಏನಾಯ್ತು ಅಂತ ನಮಗೆ ಗೊತ್ತಿಲ್ಲ. ಗೊತ್ತಾಗೋ ತನಕ ಈ ವಿಮಾನಾನ ಯಾರೂ ಮೋಡದೊಳಗೆ ತಗೊಂಡು ಹೋಗೋ ಹಾಗಿಲ್ಲ.”

ಆ ಕಡೆ ದನಿ ಏರಿತು. ಇಳಿಗಾಳಿ ಎಂದು ನೀವೇ ಹೇಳಿದಿರಂತಲ್ಲ, ಅನುಭವ ಇರುವವರು ಗೊತ್ತಿಲ್ಲ ಎಂದರೆ ಹೇಗೆ ಎಂದು ಕೇಳಿತು. ಕ್ಯಾಪ್ಟನ್ನರು ಗೊತ್ತಿಲ್ಲ ಎಂದರು. ಮತ್ತೆ ಕೇಳಿದಾಗ ಮತ್ತೆ ಅದನ್ನೇ ಹೇಳಿದರು.